ದಣಿದ ಹೃದಯಕ್ಕೊಬ್ಬ ಬದಲಿ ಆಳು

ಕೈಮೂಳೆ ಮುರಿದರೆ ವೈದ್ಯರು ಪ್ಲಾಸ್ಟರ್ ಹಾಕಿ, ಕೆಲವು ವಾರ ಅಲುಗಾಡಿಸಬೇಡಿ ಎನ್ನುತ್ತಾರೆ. ಕಾಲು ಉಳುಕಿದರೆ ಊರಬೇಡಿ ಎನ್ನುತ್ತಾರೆ. ಹೊಟ್ಟೆ ಕೆಟ್ಟರೆ ಗಂಜಿ ಕುಡಿದು ಹೊಟ್ಟೆಗೆ ಬಿಡುವು ಕೊಡಿ ಎಂದು ಅಜ್ಜಿಯೇ ಹೇಳುತ್ತಾಳೆ. ಗಾಯಗೊಂಡ ಅಂಗಕ್ಕೆ ಮೊದಲ ಮದ್ದು ವಿಶ್ರಾಂತಿ. ಆದರೆ ಗಾಯಗೊಂಡದ್ದು ಹೃದಯವಾದರೆ? ಅದಕ್ಕೆ ರಜೆ ಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಮಿದುಳು ಹಾಳಾಗುತ್ತದೆ. ಪೆಟ್ಟು ಬಿದ್ದ ದಿನವೂ ಪೂರ್ತಿ ಕೆಲಸ ಮಾಡಲೇಬೇಕಾದ ಅಂಗ ಅದು.

ಈ ಕೆಲಸ ಎಷ್ಟು ಭಾರವೆಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ. ಗಡಿಯಾರ ಮುಂದಿಟ್ಟುಕೊಂಡು ನಿಮಿಷಕ್ಕೆ 72 ಸಲದಂತೆ ಬಲಗೈ ಮುಷ್ಟಿಯನ್ನು ಬಿಗಿಯಾಗಿ ಕಟ್ಟಿ ಬಿಚ್ಚಿ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಮುಂಗೈ ಸೋಲತೊಡಗುತ್ತದೆ. ಮುಷ್ಟಿಯಷ್ಟೇ ದೊಡ್ಡದಾದ ಹೃದಯ ಇದನ್ನು ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ ಮಾಡುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವೆಂದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200 ಲೀಟರ್!

ಬಡಿತಗಳ ನಡುವಿನ ಬಿಡುವು

ಹೃದಯ ಹೀಗೆ ದುಡಿದೂ ದಣಿಯದಿರಲು ಕಾರಣವಿದೆ. ಒಂದು ಬಡಿತದ ಒಟ್ಟು ಅವಧಿ ಸುಮಾರು 0.8 ಸೆಕೆಂಡ್. ಅದರಲ್ಲಿ ಹೃತ್ಕುಕ್ಷಿ ಸಂಕುಚಿಸುವುದು ಸುಮಾರು 0.3 ಸೆಕೆಂಡ್ ಮಾತ್ರ. ಉಳಿದ ಅರ್ಧ ಸೆಕೆಂಡ್ ಅದು ಸಡಿಲವಾಗಿ, ಮುಂದಿನ ಬಡಿತಕ್ಕೆ ಬೇಕಾದ ರಕ್ತವನ್ನು ತುಂಬಿಕೊಳ್ಳುತ್ತದೆ. ಹೃದಯ ನಿಲ್ಲುವುದಿಲ್ಲ ನಿಜ, ಆದರೆ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ತುಂಡು ತುಂಡಾಗಿ ವಿಶ್ರಾಂತಿಯಲ್ಲೇ ಕಳೆಯುತ್ತದೆ.

ಇನ್ನೊಂದು ಸ್ವಾರಸ್ಯ ನೋಡಿ. ಹೃದಯದೊಳಗೆ ಅಷ್ಟೊಂದು ರಕ್ತ ಹಾದುಹೋದರೂ ಅದರ ದಪ್ಪ ಗೋಡೆಗೆ ಆಹಾರ ಸಿಗುವುದು ಒಳಗಿನ ಆ ರಕ್ತದಿಂದಲ್ಲ. ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ ಕರೋನರಿ ಅಪಧಮನಿಗಳು ಹೃದಯದ ಸ್ನಾಯುವಿಗೆ ಪ್ರತ್ಯೇಕವಾಗಿ ರಕ್ತ ಒದಗಿಸುತ್ತವೆ. ಸ್ನಾಯು ಬಿಗಿದಾಗ ಅದರೊಳಗಿನ ಸಣ್ಣ ನಾಳಗಳೂ ಅದುಮಿಹೋಗುವುದರಿಂದ ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತ ಹರಿಯುವುದು ಹೆಚ್ಚಾಗಿ ಬಿಡುವಿನ ವೇಳೆಯಲ್ಲಿ. ಮನೆಮಂದಿಗೆಲ್ಲ ಬಡಿಸಿ ಆಮೇಲೆ ತಾನು ಉಣ್ಣುವ ತಾಯಿಯಂತೆ ಹೃದಯವೂ ದೇಹಕ್ಕೆಲ್ಲ ರಕ್ತ ಕಳಿಸಿ, ನಂತರದ ಬಿಡುವಿನಲ್ಲಿ ತನ್ನ ಪಾಲು ಪಡೆಯುತ್ತದೆ. ಮುಂದೆ ಹೇಳುವ ಯಂತ್ರಗಳಲ್ಲಿ ಒಂದು ಈ ಬಿಡುವಿನ ವೇಳೆಯನ್ನೇ ನೆಚ್ಚಿಕೊಂಡಿದೆ.

ಮೂರು ಬಗೆಯ ಸ್ನಾಯು

ಕರೋನರಿ ಅಪಧಮನಿಯೊಂದು ರಕ್ತದ ಗರಣೆಯಿಂದ ಮುಚ್ಚಿಹೋದರೆ ಅದು ಪೋಷಿಸುತ್ತಿದ್ದ ಸ್ನಾಯುವಿಗೆ ಆಮ್ಲಜನಕ ಸಿಗದು. ಇದೇ ಹೃದಯಾಘಾತ. ಗಂಟೆಗಳು ಕಳೆದಂತೆ ಅಲ್ಲಿಯ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಸತ್ತ ಹೃದಯ ಸ್ನಾಯು ಚರ್ಮದಂತೆ ಮತ್ತೆ ಬೆಳೆಯುವುದಿಲ್ಲ. ಆ ಜಾಗದಲ್ಲಿ ಕಲೆಗಟ್ಟಿದ ಗಾಯ ಉಳಿಯುತ್ತದೆ. ಗಾಯದ ಕಲೆಗೆ ಹಿಗ್ಗಿಕುಗ್ಗುವ ಶಕ್ತಿಯಿಲ್ಲ.

ಆದರೆ ಹೃದಯಾಘಾತವಾದ ಹೃದಯದಲ್ಲಿ ಸತ್ತ ಸ್ನಾಯು, ಆರೋಗ್ಯವಂತ ಸ್ನಾಯು ಎಂಬ ಎರಡೇ ಭಾಗಗಳಿರುವುದಿಲ್ಲ. ನಡುವೆ ಮೂರನೆಯದೊಂದಿದೆ. ಅಲ್ಲಿಯ ಕೋಶಗಳು ಬದುಕಿರುತ್ತವೆ. ರಕ್ತವೂ ಮರಳಿ ಹರಿಯುತ್ತಿರುತ್ತದೆ. ಆದರೂ ಕೆಲಸ ಮಾಡದೆ ಮಂಕು ಬಡಿದಂತೆ ಸುಮ್ಮನಿರುತ್ತವೆ. 1982ರಲ್ಲಿ ಅಮೆರಿಕದ ವೈದ್ಯವಿಜ್ಞಾನಿಗಳಾದ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಈ ಸ್ಥಿತಿಗೆ ಹೆಸರಿಟ್ಟು ವಿವರಿಸಿದರು. ಈ ಸ್ನಾಯು ಕೆಲವು ದಿನಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳಬಲ್ಲದು. ಆ ಕೆಲವು ದಿನ ರೋಗಿ ಬದುಕಿರಬೇಕು, ಅಷ್ಟೆ.

ಕಷ್ಟವಿರುವುದೇ ಅಲ್ಲಿ. ಸ್ನಾಯುವಿನ ದೊಡ್ಡ ಭಾಗಕ್ಕೆ ಪೆಟ್ಟು ಬಿದ್ದಿದ್ದರೆ ಹೃದಯ ಸಾಕಷ್ಟು ರಕ್ತ ತಳ್ಳದು. ರಕ್ತದೊತ್ತಡ ಕುಸಿಯುತ್ತದೆ. ಒತ್ತಡ ಕುಸಿದರೆ ಕರೋನರಿ ನಾಳಗಳಿಗೂ ರಕ್ತ ಕಡಿಮೆಯಾಗುತ್ತದೆ. ಅದರಿಂದ ಹೃದಯ ಇನ್ನಷ್ಟು ಸೋಲುತ್ತದೆ, ಒತ್ತಡ ಇನ್ನಷ್ಟು ಇಳಿಯುತ್ತದೆ. ದೇಹ ಗಾಬರಿಗೊಂಡು ಅಡ್ರಿನಲಿನ್ ಸುರಿಸಿ ಬಡಿತದ ವೇಗ ಹೆಚ್ಚಿಸುತ್ತದೆ. ವೇಗ ಹೆಚ್ಚಿದರೆ ಮೊದಲು ಕಡಿತಗೊಳ್ಳುವುದು ಆ ಅರ್ಧ ಸೆಕೆಂಡಿನ ಬಿಡುವು! ಔಷಧಿ ಕೊಟ್ಟು ಬಡಿತಕ್ಕೆ ಬಲ ತುಂಬಬಹುದು. ಜೀವ ಉಳಿಸಲು ಅದು ಬೇಕಾಗುತ್ತದೆ ಕೂಡ. ಆದರೆ ಅದೂ ಒಂದು ರೀತಿಯಲ್ಲಿ ಸೋತ ಎತ್ತಿಗೆ ಬಾರುಕೋಲಿನ ಏಟು.

ಹೃದಯ ಸೋತು ದೇಹವೆಲ್ಲ ರಕ್ತವಿಲ್ಲದೆ ಬಳಲುವ ಈ ಸ್ಥಿತಿಗೆ ಕಾರ್ಡಿಯೋಜೆನಿಕ್ ಷಾಕ್ ಎಂದು ಹೆಸರು. ಹೃದಯಾಘಾತವಾದ ನೂರು ಜನರಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಇದು ಬರುತ್ತದೆ. ಹಾಗೆ ಬಂದವರಲ್ಲಿ ಇಂದಿಗೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಮುಚ್ಚಿದ ನಾಳವನ್ನು ಬೇಗ ತೆರೆಯುವುದೇ ಮೊದಲ ಚಿಕಿತ್ಸೆ. ಅದರಿಂದ ಜೀವಗಳು ಉಳಿಯುತ್ತವೆಂದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಆದರೆ ಕಾಲುವೆಯ ಕಸ ತೆಗೆದ ಮಾತ್ರಕ್ಕೆ ಬಾಡಿದ ಬೆಳೆ ಆ ಕ್ಷಣವೇ ತಲೆಯೆತ್ತದು. ನಾಳ ತೆರೆದ ಮೇಲೂ ಹೃದಯಕ್ಕೆ ಕೆಲವು ದಿನದ ಬದಲಿ ಆಳು ಬೇಕು.

ಬದಲಿ ಆಳು ಬಂದರೆ ಹೃದಯ ನಿಜಕ್ಕೂ ಚೇತರಿಸಿಕೊಂಡೀತೇ? 1966ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಸ್ತ್ರವೈದ್ಯ ಮೈಕೇಲ್ ಡಿಬೇಕಿ ಇದಕ್ಕೆ ಉತ್ತರ ಕಂಡರು. ಕವಾಟದ ಶಸ್ತ್ರಚಿಕಿತ್ಸೆಯ ನಂತರ 37 ವರ್ಷದ ಮಹಿಳೆಯೊಬ್ಬರ ಹೃದಯ ಕೆಲಸಕ್ಕೆ ಮರಳಲಿಲ್ಲ. ದೇಹದ ಹೊರಗಿಟ್ಟ ಪಂಪೊಂದು ಹತ್ತು ದಿನ ಅವರ ಎಡ ಹೃತ್ಕುಕ್ಷಿಗೆ ನೆರವಾಯಿತು. ಆಮೇಲೆ ಪಂಪ್ ತೆಗೆದರು. ಹೃದಯ ತಾನೇ ಬಡಿಯಿತು, ರೋಗಿ ಮನೆಗೆ ಹೋದರು. ಆದರೆ ಪ್ರತಿ ಹೃದಯಾಘಾತಕ್ಕೂ ಎದೆ ಕೊಯ್ದು ಪಂಪ್ ಜೋಡಿಸುವುದು ಆಗುವ ಮಾತಲ್ಲ. ತೊಡೆಸಂದಿಯ ರಕ್ತನಾಳದಲ್ಲಿ ತೂರಿಸಬಹುದಾದ ಸಾಧನ ಬೇಕಿತ್ತು.

ಜೋಡಿ ಒನಕೆಯ ಲಯ

ನ್ಯೂಯಾರ್ಕ್‌ನ ಶಸ್ತ್ರವೈದ್ಯ ಏಡ್ರಿಯನ್ ಕ್ಯಾಂಟ್ರೊವಿಟ್ಸ್ ಮತ್ತು ಭೌತವಿಜ್ಞಾನಿಯಾಗಿದ್ದ ಅವರ ಅಣ್ಣ ಆರ್ಥರ್ ಇದಕ್ಕೊಂದು ಉಪಾಯ ಹುಡುಕಿದರು. ಹಳ್ಳಿಗಳಲ್ಲಿ ಹಿಂದೆ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಕೆಳಗಿಳಿಯುತ್ತದೆ. ಲಯ ತಪ್ಪದಿದ್ದರೆ ಕೆಲಸ ಹಗುರ. ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಕ್ಯಾಂಟ್ರೊವಿಟ್ಸ್ ಸಾಧನದ ತತ್ವವೂ ಇದೇ.

ಉದ್ದವಾದ ತೆಳು ಬಲೂನೊಂದನ್ನು ತೊಡೆಯ ಅಪಧಮನಿಯ ಮೂಲಕ ಎದೆಯ ಮಹಾಪಧಮನಿಯವರೆಗೆ ಏರಿಸಿ ನಿಲ್ಲಿಸುತ್ತಾರೆ. ಇಸಿಜಿ ಸಂಕೇತ ನೋಡಿಕೊಂಡು ಹೊರಗಿನ ಯಂತ್ರ ಅದಕ್ಕೆ ಅನಿಲ ತುಂಬುತ್ತದೆ, ಹೀರುತ್ತದೆ. ಹೃದಯ ಸಡಿಲವಾದ ಕ್ಷಣದಲ್ಲಿ ಬಲೂನು ಉಬ್ಬುತ್ತದೆ. ಆಗ ಮಹಾಪಧಮನಿಯ ರಕ್ತದ ಒತ್ತಡ ಏರಿ, ಕರೋನರಿ ನಾಳಗಳಿಗೆ ಹೆಚ್ಚು ರಕ್ತ ನುಗ್ಗುತ್ತದೆ. ಬಿಡುವಿನಲ್ಲಿ ಉಣ್ಣುವ ಹೃದಯಕ್ಕೆ ಇನ್ನೊಂದು ತುತ್ತು! ಹೃದಯ ಬಿಗಿಯುವ ಕ್ಷಣಕ್ಕೆ ಸ್ವಲ್ಪ ಮೊದಲು ಬಲೂನು ಥಟ್ಟನೆ ಕುಗ್ಗುತ್ತದೆ. ಎದುರಿನ ಒತ್ತಡ ಇಳಿದು, ರಕ್ತ ಹೊರದಬ್ಬುವ ಕೆಲಸ ಹಗುರವಾಗುತ್ತದೆ.

ಬಲೂನಿನೊಳಗೆ ಸಾಮಾನ್ಯವಾಗಿ ತುಂಬುವುದು ಹೀಲಿಯಂ. ಕಾರಣವನ್ನು ವಿದ್ಯಾರ್ಥಿಗಳೇ ಊಹಿಸಬಹುದು. ಹೀಲಿಯಂ ಬಲು ಹಗುರವಾದ ಅನಿಲ. ಉದ್ದನೆಯ ಸಣ್ಣ ಕೊಳವೆಯಲ್ಲಿ ಸುಮಾರು 40 ಮಿಲಿಲೀಟರ್ ಅನಿಲ ಒಂದೊಂದು ಬಡಿತಕ್ಕೂ ಹೋಗಿ ಬರಬೇಕಾದರೆ ಭಾರದ ಅನಿಲ ಹಿಂದುಳಿಯುತ್ತದೆ, ಹಗುರದ್ದು ಚುರುಕಾಗಿ ಓಡುತ್ತದೆ.

1967ರಲ್ಲಿ ಬ್ರೂಕ್ಲಿನ್‌ನ ಮೈಮೊನಿಡೀಸ್ ಆಸ್ಪತ್ರೆಯಲ್ಲಿ ಕ್ಯಾಂಟ್ರೊವಿಟ್ಸ್ ತಂಡ ಹೃದಯಾಘಾತದಿಂದ ಷಾಕ್‌ಗೆ ಒಳಗಾಗಿದ್ದ ಮಹಿಳೆಯೊಬ್ಬರಿಗೆ ಇದನ್ನು ಅಳವಡಿಸಿತು. ಅವರು ಬದುಕಿ ಉಳಿದರು. ಮುಂದಿನ ದಶಕಗಳಲ್ಲಿ ಬಲೂನ್ ಪಂಪ್ ಪ್ರಪಂಚದ ದೊಡ್ಡ ಹೃದಯ ಆಸ್ಪತ್ರೆಗಳಿಗೆಲ್ಲ ಹಬ್ಬಿತು. ತತ್ವ ಸರಳ, ತರ್ಕ ಸುಂದರ. ಅದು ಉಪಯುಕ್ತವೆಂಬುದರಲ್ಲಿ ಹೆಚ್ಚಿನವರಿಗೆ ಸಂಶಯವಿರಲಿಲ್ಲ.

ಸುಂದರ ತರ್ಕಕ್ಕೆ ಸತ್ವಪರೀಕ್ಷೆ

ವಿಜ್ಞಾನದ ಪಾಠ ಇಲ್ಲಿಂದ ಶುರುವಾಗುತ್ತದೆ. ಬಲೂನು ಹಾಕಿದವರಲ್ಲಿ ಕೆಲವರು ಉಳಿದರು ನಿಜ. ಆದರೆ ಹಾಕದಿದ್ದರೂ ಅವರು ಉಳಿಯುತ್ತಿದ್ದರೇ? ಒಬ್ಬ ರೋಗಿಯನ್ನು ನೋಡಿ ಇದನ್ನು ಹೇಳಲಾಗದು. ಒಂದೇ ಸ್ಥಿತಿಯ ನೂರಾರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬಲೂನು ಹಾಕಿ, ಇನ್ನೊಂದಕ್ಕೆ ಹಾಕದೆ, ಉಳಿದೆಲ್ಲ ಚಿಕಿತ್ಸೆಯನ್ನೂ ಸಮನಾಗಿ ಕೊಟ್ಟು ಹೋಲಿಸಬೇಕು. ಚೀಟಿ ಏಕೆ ಎನ್ನುವಿರಾ? ವೈದ್ಯರೇ ಆರಿಸಿದರೆ, ಹೆಚ್ಚು ಸೀರಿಯಸ್ ಆದವರೋ ಬದುಕುವ ಭರವಸೆಯಿದ್ದವರೋ ತಿಳಿಯದೆಯೇ ಒಂದು ಗುಂಪಿಗೆ ಸೇರಿಬಿಡಬಹುದು. ಆಗ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ.

ಜರ್ಮನಿಯಲ್ಲಿ ಹೋಲ್ಗರ್ ಥೀಲ ನೇತೃತ್ವದಲ್ಲಿ 600 ರೋಗಿಗಳ ಮೇಲೆ ಇಂಥ ಪರೀಕ್ಷೆ ನಡೆಯಿತು. 2012ರಲ್ಲಿ ಫಲಿತಾಂಶ ಹೊರಬಂದಾಗ ಹೃದಯ ತಜ್ಞರಿಗೆ ಅಚ್ಚರಿ ಕಾದಿತ್ತು. 30 ದಿನಗಳೊಳಗೆ ತೀರಿಕೊಂಡವರು ಬಲೂನಿದ್ದ ಗುಂಪಿನಲ್ಲಿ ಶೇ. 39.7, ಇಲ್ಲದ ಗುಂಪಿನಲ್ಲಿ ಶೇ. 41.3. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣ ಅಂತರವದು. ನಲವತ್ತೈದು ವರ್ಷ ಬಳಸಿದ ಸಾಧನ ಸಾವನ್ನು ತಗ್ಗಿಸಿದ್ದಕ್ಕೆ ಪುರಾವೆ ಸಿಗಲಿಲ್ಲ!

ತತ್ವ ಸುಳ್ಳಾಗಿರಲಿಲ್ಲ. ಬಲೂನು ಉಬ್ಬಿದಾಗ ಒತ್ತಡ ಏರುವುದೂ ನಿಜ, ಕುಗ್ಗಿದಾಗ ಹೊರೆ ಇಳಿಯುವುದೂ ನಿಜ. ಆದರೆ ಅದು ತಾನಾಗಿ ರಕ್ತ ಎತ್ತುವ ಪಂಪಲ್ಲ. ಹೃದಯಕ್ಕೆ ಕೈಜೋಡಿಸುವ ಸಹಾಯಕ ಮಾತ್ರ. ಅದರಿಂದ ದೊರೆಯುವ ಹೆಚ್ಚುವರಿ ಹರಿವು ನಿಮಿಷಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು. ಜೊತೆಗಾತಿಯ ಒನಕೆ ಮೇಲೇಳದಿದ್ದರೆ ಒಬ್ಬಳೇ ಎಷ್ಟು ಕುಟ್ಟಿಯಾಳು? ಈ ಫಲಿತಾಂಶದ ನಂತರ, ಷಾಕ್ ಆದವರಿಗೆಲ್ಲ ವಾಡಿಕೆಯಂತೆ ಬಲೂನು ಹಾಕುವುದು ಬೇಡವೆಂದು ಯುರೋಪಿನ ತಜ್ಞರು ಸೂಚಿಸಿದರು. ಹೃದಯದೊಳಗಿನ ಗೋಡೆಯೋ ಕವಾಟದ ಆಧಾರವೋ ಹರಿದಂಥ ಕೆಲವು ವಿಶೇಷ ಸಂದರ್ಭಗಳಿಗೆ ಅದರ ಬಳಕೆ ಉಳಿಯಿತು.

ಹಾಗಾದರೆ ಪೂರ್ತಿ ರಕ್ತವನ್ನೂ ಯಂತ್ರವೇ ತಳ್ಳಿದರೆ? ಎಕ್ಮೋ ಎಂಬ ಯಂತ್ರ ರಕ್ತವನ್ನು ಹೊರಗೆಳೆದು, ಆಮ್ಲಜನಕ ಬೆರೆಸಿ, ಮರಳಿ ಅಪಧಮನಿಗೆ ತಳ್ಳುತ್ತದೆ. ದೇಹಕ್ಕೆ ರಕ್ತ ಧಾರಾಳವಾಗಿ ಸಿಗುತ್ತದೆ. ಆದರೆ ತೊಡೆಯಿಂದ ಮೇಲ್ಮುಖವಾಗಿ ಬರುವ ಆ ಪ್ರವಾಹ ಹೃದಯದ ಬಾಗಿಲಿಗೇ ಎದುರಾಗಿ ಒತ್ತುತ್ತದೆ. ಸೋತ ಹೃದಯ ಇನ್ನೂ ಭಾರವಾದ ಬಾಗಿಲನ್ನು ತಳ್ಳಬೇಕಾಗುತ್ತದೆ. 2023ರಲ್ಲಿ ಥೀಲ ಅವರ ತಂಡವೇ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಹೃದಯಾಘಾತದ ಷಾಕ್‌ಗೆ ಎಕ್ಮೋವನ್ನು ಎಲ್ಲರಿಗೂ ಬೇಗನೆ ಅಳವಡಿಸುವುದರಿಂದಲೂ ಸಾವು ಕಡಿಮೆಯಾಗಲಿಲ್ಲ: ಶೇ. 47.8ಕ್ಕೆ ಎದುರಾಗಿ ಶೇ. 49.0.

ನೈಲ್ ನದಿಯ ದಡದಿಂದ

ಮೂರನೆಯ ಉಪಾಯದ ಬೇರು ಈಜಿಪ್ಟಿನಲ್ಲಿದೆ. 1976ರಲ್ಲಿ ರಿಚರ್ಡ್ ವಾಂಪ್ಲರ್ ಎಂಬ ಅಮೆರಿಕದ ವೈದ್ಯ ಸೇವಾಕಾರ್ಯಕ್ಕಾಗಿ ಎಲ್ ಬಯಾದ್ ಎಂಬ ಹಳ್ಳಿಗೆ ಹೋಗಿದ್ದರು. ಅಲ್ಲಿಯ ರೈತರು ಹೊಲಕ್ಕೆ ನೀರೆತ್ತುತ್ತಿದ್ದುದು ಆರ್ಕಿಮಿಡೀಸನ ತಿರುಪಿನಿಂದ. ಓರೆಯಾಗಿಟ್ಟ ಕೊಳವೆಯೊಳಗೆ ಸುರುಳಿಯಾಕಾರದ ತಿರುಪು. ಹಿಡಿ ತಿರುಗಿಸಿದರೆ ನೀರು ಮೆಟ್ಟಿಲು ಹತ್ತಿದಂತೆ ಮೇಲೇರುತ್ತದೆ. ನಮ್ಮ ಏತ, ಕಪಿಲೆಗಳು ಒಂದೊಂದು ಸಲಕ್ಕೆ ಒಂದೊಂದು ಪಾತ್ರೆ ನೀರೆತ್ತುತ್ತವೆ, ಹೃದಯದಂತೆ. ಈ ತಿರುಪಿನಲ್ಲಿ ಹಾಗಲ್ಲ. ಧಾರೆ ನಿಲ್ಲುವುದೇ ಇಲ್ಲ.

ಇದನ್ನೇ ರಕ್ತನಾಳದೊಳಗೆ ಹೋಗುವಷ್ಟು ಚಿಕ್ಕದಾಗಿಸಿದರೆ ಹೇಗೆ ಎಂದು ವಾಂಪ್ಲರ್ ಯೋಚಿಸಿದರು. ಚಿಕ್ಕ ತಿರುಪು ಸಾಕಷ್ಟು ರಕ್ತ ಎತ್ತಬೇಕಾದರೆ ನಿಮಿಷಕ್ಕೆ ಸುಮಾರು 25,000 ಸುತ್ತು ತಿರುಗಬೇಕು. ಆ ವೇಗಕ್ಕೆ ಕೆಂಪು ರಕ್ತಕಣಗಳು ಮಿಕ್ಸಿಗೆ ಹಾಕಿದಂತೆ ನುಚ್ಚುನೂರಾಗುತ್ತವೆ ಎಂದು ತಜ್ಞರು ತಲೆಯಾಡಿಸಿದರು. ಆದರೆ ಕಣಗಳು ತಿರುಪನ್ನು ದಾಟುವುದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ. ಅಷ್ಟು ಕಡಿಮೆ ಹೊತ್ತಿನ ಒತ್ತಡವನ್ನು ಬಹುಪಾಲು ಕಣಗಳು ತಾಳಿಕೊಂಡವು. 1988ರಲ್ಲಿ ಹ್ಯೂಸ್ಟನ್‌ನ ಟೆಕ್ಸಸ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಡ್ ಫ್ರೇಜಿಯರ್ ಈ ‘ಹೀಮೋಪಂಪ್’ ಸಾಧನವನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದರು.

ಹೀಮೋಪಂಪ್‌ನ ಮೋಟಾರು ದೇಹದ ಹೊರಗಿತ್ತು. ಬಳುಕುವ ಉದ್ದನೆಯ ತಂತಿಯೊಂದು ಒಳಗಿನ ತಿರುಪನ್ನು ಸುತ್ತಿಸುತ್ತಿತ್ತು. ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಆಮೇಲೆ ಜರ್ಮನಿಯ ಆಖನ್ ನಗರದ ಎಂಜಿನಿಯರುಗಳು ಮೋಟಾರನ್ನೇ ರಕ್ತನಾಳದೊಳಗೆ ಹೋಗುವಷ್ಟು ಕಿರಿದಾಗಿಸಿದರು. ಇದೇ ‘ಇಂಪೆಲ್ಲಾ’. ಹೃದಯಾಘಾತದಲ್ಲಿ ಹೆಚ್ಚಾಗಿ ಬಳಸುವ ಮಾದರಿಯ ಪಂಪ್ ಐದು ಮಿಲಿಮೀಟರಿಗಿಂತ ತೆಳು. ನಿಮಿಷಕ್ಕೆ 40,000ಕ್ಕೂ ಮಿಕ್ಕಿ ಸುತ್ತು ತಿರುಗಿ ಮೂರು ಲೀಟರಿಗೂ ಹೆಚ್ಚು ರಕ್ತ ಎತ್ತಬಲ್ಲದು.

ಅದನ್ನು ಮಹಾಪಧಮನಿಯ ಕವಾಟದ ಮೂಲಕ ಅಡ್ಡಲಾಗಿ ಕೂರಿಸುತ್ತಾರೆ: ಹೀರುವ ಬಾಯಿ ಎಡ ಹೃತ್ಕುಕ್ಷಿಯೊಳಗೆ, ಸುರಿಯುವ ಬಾಯಿ ಮಹಾಪಧಮನಿಯೊಳಗೆ. ರಕ್ತ ತನ್ನ ಸಹಜ ದಾರಿಯಲ್ಲೇ, ಸಹಜ ದಿಕ್ಕಿನಲ್ಲೇ ಸಾಗುತ್ತದೆ. ಹೃತ್ಕುಕ್ಷಿಯೊಳಗಿನ ರಕ್ತ ಖಾಲಿಯಾಗುತ್ತಾ ಹೋಗುವುದರಿಂದ ಅದರ ಗೋಡೆಯ ಬಿಗಿತ ಇಳಿಯುತ್ತದೆ, ಆಮ್ಲಜನಕದ ಬೇಡಿಕೆಯೂ ಇಳಿಯುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಹೊರೆ ಹೊತ್ತಿರುವುದು ಬಹುಪಾಲು ತಿರುಪು. ನಿಲ್ಲದ ಅಂಗಕ್ಕೆ ಕೊಡಬಹುದಾದ ಪ್ಲಾಸ್ಟರ್ ಎಂದರೆ ಇದೇ.

ಹತ್ತು ವರ್ಷದ ಉತ್ತರ

ಇಲ್ಲೂ ತರ್ಕ ಸುಂದರವಾಗಿದೆ. ಆದರೆ ಬಲೂನಿನ ಕಥೆ ಕೇಳಿದ ಮೇಲೆ ಅಷ್ಟಕ್ಕೇ ತೃಪ್ತರಾಗುವಂತಿಲ್ಲ. ಡೆನ್ಮಾರ್ಕಿನಲ್ಲಿ 2013ರಲ್ಲಿ ಆರಂಭವಾಗಿ ಮುಂದೆ ಜರ್ಮನಿ, ಬ್ರಿಟನ್‌ಗಳಿಗೂ ಹರಡಿದ ಪರೀಕ್ಷೆಯೊಂದು ಸುಮಾರು ಹತ್ತು ವರ್ಷ ನಡೆಯಿತು. ನಿಯಮ ಬಹಳ ಬಿಗಿ. ದೊಡ್ಡ ಬಗೆಯ ಹೃದಯಾಘಾತದಿಂದ ಷಾಕ್ ಆಗಿರಬೇಕು. ಹೃದಯ ನಿಂತುಹೋಗಿ, ಮರಳಿ ಬಡಿದ ಮೇಲೂ ಪ್ರಜ್ಞೆ ಬಾರದೆ ಕೋಮಾದಲ್ಲಿರುವವರನ್ನು ಸೇರಿಸುವಂತಿಲ್ಲ. ಏಕೆಂದರೆ ಅಂಥವರ ಬದುಕನ್ನು ನಿರ್ಧರಿಸುವುದು ಹೃದಯಕ್ಕಿಂತ ಹೆಚ್ಚಾಗಿ ಪೆಟ್ಟು ತಿಂದ ಮಿದುಳು. ಹೀಗೆ ಸೋಸಿ ತೆಗೆದಾಗ ಲೆಕ್ಕಕ್ಕೆ ಸಿಕ್ಕ ರೋಗಿಗಳು 355 ಮಾತ್ರ.

2024ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: 180 ದಿನಗಳೊಳಗೆ ತೀರಿಕೊಂಡವರು ಪಂಪ್ ಇದ್ದ ಗುಂಪಿನಲ್ಲಿ ಶೇ. 45.8, ಇಲ್ಲದ ಗುಂಪಿನಲ್ಲಿ ಶೇ. 58.5. ಅಂದರೆ ಎಂಟು ಮಂದಿಗೆ ಪಂಪ್ ಅಳವಡಿಸಿದರೆ ಹೆಚ್ಚಾಗಿ ಒಂದು ಜೀವ ಉಳಿಯಿತು. ಹೃದಯಾಘಾತದ ಷಾಕ್‌ನಲ್ಲಿ ಯಂತ್ರದ ಆಸರೆಯಿಂದ ಸಾವು ಕಡಿಮೆಯಾದದ್ದನ್ನು ಇಂಥ ದೊಡ್ಡ, ನ್ಯಾಯವಾದ ಪರೀಕ್ಷೆಯೊಂದು ತೋರಿಸಿದ್ದು ಅದೇ ಮೊದಲು.

ಆದರೆ ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಗಣನೀಯ ರಕ್ತಸ್ರಾವ ಪಂಪ್ ಗುಂಪಿನಲ್ಲಿ ಶೇ. 21.8 ಮಂದಿಗೆ ಆಯಿತು, ಇನ್ನೊಂದು ಗುಂಪಿನಲ್ಲಿ ಶೇ. 11.9. ಕೊಳವೆ ತೂರಿಸಿದ ಕಾಲಿಗೆ ರಕ್ತ ಸಾಲದೆ ತೊಂದರೆಯಾದದ್ದು ಶೇ. 5.6ಕ್ಕೆ ಎದುರಾಗಿ ಶೇ. 1.1. ಮೂತ್ರಪಿಂಡ ಸೋತು ಡಯಾಲಿಸಿಸ್ ಬೇಕಾದದ್ದು ಶೇ. 41.9ಕ್ಕೆ ಎದುರಾಗಿ ಶೇ. 26.7. ಆದ್ದರಿಂದ ಇದು ಹೃದಯಾಘಾತವಾದವರಿಗೆಲ್ಲ ಹಾಕುವ ಸಾಧನವಲ್ಲ. ಯಾರಿಗೆ, ಯಾವಾಗ ಎಂದು ಆರಿಸುವ ವಿವೇಕ, ಹಾಕಿದ ಮೇಲೆ ಗಂಟೆಗಂಟೆಗೂ ಕಾಯುವ ನುರಿತ ಕೈಗಳು, ಚೇತರಿಕೆ ಕಂಡೊಡನೆ ತೆಗೆದುಬಿಡುವ ಎಚ್ಚರ ಮೂರೂ ಬೇಕು. ಬದಲಿ ಆಳು ಕಾಯಂ ಆಗಿ ಕೂತರೆ ಅವನಿಂದಲೇ ತೊಂದರೆ ಹೆಚ್ಚು.

ಮನೆಯವರು ತಿಳಿಯಬೇಕಾದದ್ದು

ತುರ್ತು ಚಿಕಿತ್ಸಾ ಘಟಕದ ಹೊರಗೆ ಕೂತ ಮನೆಯವರ ಮುಂದೆ ಒಪ್ಪಿಗೆಯ ಕಾಗದ ಬರುವ ಗಳಿಗೆ ಬಹಳ ಕಷ್ಟದ್ದು. ಆಗ ವೈದ್ಯರನ್ನು ಕೇಳಬಹುದಾದ ಪ್ರಶ್ನೆಗಳಿವೆ. ಮುಚ್ಚಿದ ನಾಳವನ್ನು ತೆರೆದಾಗಿದೆಯೇ? ಸೋತಿರುವುದು ಚೇತರಿಸಿಕೊಳ್ಳಬಲ್ಲ ಸ್ನಾಯುವೇ? ಯಂತ್ರ ಎಷ್ಟು ದಿನಕ್ಕೆ? ಅದರಿಂದ ಆಗಬಹುದಾದ ತೊಂದರೆಗಳೇನು? ಹೀಗೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳು ಬೇಸರ ತರುವುದಿಲ್ಲ.

ಸತ್ತ ಸ್ನಾಯುವನ್ನು ಯಾವ ಯಂತ್ರವೂ ಬದುಕಿಸದು. ಮಂಕು ಬಡಿದ ಸ್ನಾಯುವಿಗೆ ಮಾತ್ರ ಅದು ಕಾಲಾವಕಾಶ ಕೊಡಬಲ್ಲದು. ಸತ್ತ ಪಾಲು ಕಡಿಮೆಯಿರಬೇಕಾದರೆ ನಾಳ ಬೇಗ ತೆರೆಯಬೇಕು. ನಾಳ ಬೇಗ ತೆರೆಯಬೇಕಾದರೆ ರೋಗಿ ಬೇಗ ಆಸ್ಪತ್ರೆ ಸೇರಬೇಕು. ಎದೆಯ ನಡುವೆ ಹಿಂಡಿದಂತೆ ನೋವು, ಭುಜ, ತೋಳು ಅಥವಾ ದವಡೆಗೆ ಹರಡುವ ಸೆಳೆತ, ತಣ್ಣನೆ ಬೆವರು, ಉಸಿರುಕಟ್ಟು ಕಂಡಾಗ ‘ಗ್ಯಾಸ್ ಇರಬೇಕು’ ಎಂದು ಶುಂಠಿ ಕಷಾಯ ಕುಡಿದು ಬೆಳಗಾಗಲೆಂದು ಕಾಯುವ ಮನೆಗಳು ಈಗಲೂ ಇವೆ. ಮಧುಮೇಹ ಇದ್ದವರಲ್ಲಿ ನೋವು ಕಾಣದೆ ಬರೀ ಸುಸ್ತು, ಏದುಸಿರು ಬರಬಹುದು. ಅಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡುವ ಕೆಲಸ ಹೈಸ್ಕೂಲು ಓದುವ ಮಕ್ಕಳಿಂದಲೂ ಆಗುತ್ತದೆ. ಅಪ್ಪ ಅಮ್ಮ ‘ಏನೂ ಇಲ್ಲ, ಮಲಗು’ ಎಂದರೂ ಮಕ್ಕಳು ಪಟ್ಟು ಹಿಡಿಯಬೇಕಾದ ಸಂದರ್ಭ ಇದೊಂದು.